11 ನಂಬರ್ ಬಸ್ಸಿನ ವಿಷಯ ಕೇಳಿದ್ದೆಯಲ್ಲ ಪುಟ್ಟಾ

ಪುಟ್ಟಾ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಊರೆಲ್ಲ ಸುತ್ತಿಸಿ ಹತ್ತಿದ ಸ್ಟಾಪಿಗೇ ತಂದು ಇಳಿಸುವ ಬಸ್ ಇದೆಯಂತೆ, ನಿಜಾನಾ ಚಿಕ್ಕಮ್ಮ ಅಂತ ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೆ ಅಲ್ವಾ. ಆಗ ನಾನು ಕೆಲಸದಲ್ಲಿದ್ದೆ, ಈಗ ಪುರುಸೊತ್ತಾಯಿತು. ಸ್ವಲ್ಪ ಉದ್ದ ಆಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಆ ಬಸ್ ಅಂದರೆ ನನಗೆ ಅಷ್ಟು ಇಷ್ಟ.

ಅದು 11 ನಂಬರ್, ಔಟರ್ ಸರ್ಕಲ್. 1926ರಲ್ಲಿ ಶುರುವಾಗಿದ್ದು. ಒಂದು ಪೂರ್ತಿ ಸುತ್ತು ಸುಮಾರು 26 ಮೈಲಿ, ಅಂದರೆ 42 ಕಿಲೋಮೀಟರ್ ಹತ್ತಿರ. ಎರಡು ಗಂಟೆಗಿಂತ ಜಾಸ್ತಿಯೇ ಬೇಕು. 11ಸಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋಗುತ್ತದೆ, 11ಎ ಅದರ ಎದುರು ದಿಕ್ಕಿನಲ್ಲಿ. 11ಬಿ ಹುಡುಕಬೇಡ, ಇಲ್ಲ.

ಆ ಕಾಲದಲ್ಲಿ ಟ್ರಾಮುಗಳೆಲ್ಲ ಛತ್ರಿ ಕಡ್ಡಿಗಳ ಹಾಗೆ ನಡು ಊರಿನಿಂದ ಹೊರಗೆ ಹೋಗುತ್ತಿದ್ದವು. ಪಕ್ಕದ ಬಡಾವಣೆಗೆ ಹೋಗಬೇಕೆಂದರೂ ಪೇಟೆಗೆ ಹೋಗಿ, ಇನ್ನೊಂದು ಟ್ರಾಮ್ ಹಿಡಿದು ಮತ್ತೆ ಹೊರಗೆ ಬರಬೇಕು. ಈ ಬಸ್ ಬಡಾವಣೆಗಳನ್ನು ಒಂದಕ್ಕೊಂದು ಸೇರಿಸಿತು. ಹಳೇ ಟ್ರಾಮುಗಳು 1953ಕ್ಕೆ ನಿಂತವು, ಇದು ಉಳಿಯಿತು. ರಜಾದಿನ ಸುಮ್ನೆ ಸುತ್ತಿ ಬನ್ನಿ ಅಂತ ಕಾರ್ಪೊರೇಷನ್‌ನವರೇ ಈ ರೂಟಿಗೆ ಗೈಡ್ ಪುಸ್ತಕ ಮಾಡಿದ್ದರು!

ನಾನು ಬಂದ ಹೊಸದರಲ್ಲಿ ಬೇರ್‌ವುಡ್ ಹತ್ತಿರ ಬಾಡಿಗೆಗಿದ್ದೆ, ಕೆಲಸ ಕಿಂಗ್ಸ್ ಹೀತ್‌ನಲ್ಲಿ. ಈ ಬಸ್ ಇಲ್ಲದಿದ್ದರೆ ದಿನಾ ಎರಡೆರಡು ಬಸ್ ಬದಲಾಯಿಸಬೇಕಿತ್ತು. ಚಳಿಗಾಲದಲ್ಲಿ ಮಹಡಿ ಮೇಲಿನ ಮುಂದಿನ ಸೀಟಿನಲ್ಲಿ ಕೂತು, ಗಾಜಿನ ಮೇಲಿನ ಮಂಜನ್ನು ತೋಳಿನಿಂದ ಒರೆಸಿ ಒರೆಸಿ ನೋಡುತ್ತಿದ್ದೆ. ಊರು ಪರಿಚಯವಾಗಿದ್ದೇ ಹಾಗೆ. ಒಂದು ಸಲ ಪಕ್ಕದಲ್ಲಿ ಜಮೈಕಾದ ಅಜ್ಜಿಯೊಬ್ಬರು ಕೂತಿದ್ದರು. ಮಕ್ಕಳು ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಲು ದುಡ್ಡಿರಲಿಲ್ಲವಂತೆ. ಬ್ರೆಡ್ಡಿಗೆ ಜಾಮ್ ಹಚ್ಚಿ ಪೊಟ್ಟಣ ಕಟ್ಟಿಕೊಂಡು, ಈ ಬಸ್ಸಿನಲ್ಲೇ ಒಂದು ಸುತ್ತು ಹಾಕಿಸುತ್ತಿದ್ದರಂತೆ. ಕೇಳಿ ಕಣ್ಣು ತುಂಬಿ ಬಂತು. ಇಲ್ಲಿನ ಬಸ್ಸುಗಳಲ್ಲಿ ಕರಿಯರನ್ನು, ನಮ್ಮವರನ್ನು ಕಂಡಕ್ಟರ್ ಆಗಿ ತೆಗೆದುಕೊಳ್ಳಲು ಶುರು ಮಾಡಿದ್ದೇ 1954ರ ಹೊತ್ತಿಗೆ. ಅದಕ್ಕೂ ಹೋರಾಟ ಮಾಡಬೇಕಾಯಿತು. ಇದನ್ನು ನೀನು ತಿಳಿದುಕೊಂಡಿರಬೇಕು.

ಈಗ ಬೇಜಾರಿನ ಸುದ್ದಿ. 2021ರಲ್ಲಿ ಸುತ್ತನ್ನು ತುಂಡು ಮಾಡಿದರು. ಏಕಾಕ್ಸ್ ಗ್ರೀನ್ ಅನ್ನುವ ಬಡಾವಣೆಯಲ್ಲಿ ಇಳಿದು ಮುಂದಿನ ಬಸ್ ಹತ್ತಬೇಕು. ಕಾರಣ ಇಲ್ಲ ಅಂತಲ್ಲ. ಕೊನೆ ಸ್ಟಾಪ್ ಅಂತಲೇ ಇಲ್ಲದ ರೂಟು, ಒಂದು ಕಡೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೆ ಆ ತಡ ಇಡೀ ಸುತ್ತು ಜೊತೆಗೇ ಬರುತ್ತದೆ. ಅರ್ಧ ಗಂಟೆ ಕಾಯಿಸಿ ಒಂದರ ಹಿಂದೆ ಒಂದು ಮೂರು ಬಸ್ ಬರುತ್ತಿದ್ದವು. ಆದರೂ ಹೇಳುತ್ತೇನೆ, ಡ್ರೈವರ್ ಬದಲಾಗಲಿ, ಅಲ್ಲಿ ಹತ್ತು ನಿಮಿಷ ಬೇಕಾದರೆ ನಿಲ್ಲಿಸಲಿ, ಬಸ್ ಮಾತ್ರ ಮುಂದೆ ಹೋಗಬೇಕಿತ್ತು. ಮಳೆಯಲ್ಲಿ ವಯಸ್ಸಾದವರು ಚೀಲ ಹಿಡಿದು ಇಳಿದು ಹತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇರಲಿ, ಎರಡು ಬಸ್ಸಾದರೂ ಪರವಾಗಿಲ್ಲ, ಕ್ಲಾಸ್ ಶುರುವಾಗುವ ಮುಂಚೆ ಒಂದು ಸುತ್ತು ಹೋಗಿ ಬಾ. ಯೂನಿವರ್ಸಿಟಿ ಹತ್ತಿರದ ಸೆಲ್ಲಿ ಓಕ್‌ನಲ್ಲಿ 11ಎ ಹತ್ತು. ಮೊದಲು ಬೋರ್ನ್‌ವಿಲ್ ಬರುತ್ತದೆ, ಕ್ಯಾಡ್ಬರಿಯವರು 1879ರಲ್ಲಿ ಫ್ಯಾಕ್ಟರಿ ತಂದ ಜಾಗ. ಕೆಲಸಗಾರರಿಗೆ ತೋಟ ಇರುವ ಮನೆ ಕಟ್ಟಿಸಿದರು, ಪಬ್ ತೆರೆಯಲು ಮಾತ್ರ ಬಿಡಲಿಲ್ಲ. ಗಾಳಿ ಈ ಕಡೆ ಇದ್ದರೆ ಚಾಕೊಲೇಟ್ ವಾಸನೆ ಬಸ್ಸಿನೊಳಗೇ ಬರುತ್ತದೆ. ಹಾಲ್ ಗ್ರೀನ್ ಹತ್ತಿರ ಸೇರ್‌ಹೋಲ್ ಅನ್ನುವ ಹಳೇ ನೀರಿನ ಗಿರಣಿ. ಏಕಾಕ್ಸ್ ಗ್ರೀನ್ ಆದಮೇಲೆ ಯಾರ್ಡ್ಲಿ, ಅರ್ಡಿಂಗ್ಟನ್, ಪೆರಿ ಬಾರ್. ವಿನ್ಸನ್ ಗ್ರೀನ್‌ನಲ್ಲಿ ಜೈಲಿನ ಗೋಡೆ ಪಕ್ಕದಲ್ಲೇ ಹೋಗುತ್ತದೆ, ಹೆದರಬೇಡ. ಬೇರ್‌ವುಡ್‌ನಲ್ಲಿ ಸ್ವಲ್ಪ ದೂರ ಬರ್ಮಿಂಗ್‌ಹ್ಯಾಮ್ ಗಡಿಯನ್ನೇ ದಾಟಿ ವಾಪಸ್ ಬರುತ್ತದೆ.

ವಿನ್ಸನ್ ಗ್ರೀನ್‌ಗೂ ಮುಂಚೆ ಹ್ಯಾಂಡ್ಸ್‌ವರ್ತ್‌ನ ಸೋಹೋ ರೋಡಿನಲ್ಲಿ ಇಳಿ. ಪಂಜಾಬಿಗಳ ಅಂಗಡಿಗಳೇ ತುಂಬಿವೆ. ತೊಗರಿಬೇಳೆ, ಕರಿಬೇವು, ಹಸಿಮೆಣಸಿನಕಾಯಿ ಎಲ್ಲ ಸಿಗುತ್ತದೆ. ಅಕ್ಕಾ, ನೀನೂ ಇದನ್ನು ಓದುತ್ತಿದ್ದೀಯ ಅಂತ ಗೊತ್ತು, ಅವನ ಸೂಟ್‌ಕೇಸಿಗೆ ಬೇಳೆ ತುಂಬಬೇಡ, ಆ ಜಾಗದಲ್ಲಿ ಎರಡು ದಪ್ಪ ಸ್ವೆಟರ್ ಇಡು.