ಪದಚರ್ಚೆ: ಬಾಬ್ ಮಾರ್ಲಿಯ ಬದುಕಿಗೆ ಬೇಕಾದ ಕೆಲವು ಕನ್ನಡ ಪದಗಳು

ಮಾನ್ಯರೇ,

ಜಮೈಕಾದ ರೆಗೇ ಗಾಯಕ ಬಾಬ್ ಮಾರ್ಲಿಯ ಬದುಕನ್ನು ಪ್ರೌಢಶಾಲೆಯ ಮಕ್ಕಳು ಓದಬಹುದಾದ ಕಿರುಹೊತ್ತಿಗೆಯಾಗಿ ಬರೆಯುತ್ತಿದ್ದೇನೆ. ಇಸವಿ, ಊರು, ಹೆಸರುಗಳಲ್ಲಿ ತೊಡಕಿಲ್ಲ. ತೊಡಕಿರುವುದು ಆತನ ಮಾತಿನಲ್ಲಿ. ಜಮೈಕಾದ ಜನ ಪಾಟ್ವಾ ಎಂದು ಕರೆಯುವ ಆಡುನುಡಿ ಕಣ್ಣಿಗೆ ಇಂಗ್ಲಿಷಿನಂತೆ ಕಂಡರೂ ಅದರ ವ್ಯಾಕರಣ ಬೇರೆ. ಅದನ್ನು ಇಂಗ್ಲಿಷೆಂದೇ ತಿಳಿದು ಕನ್ನಡಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಆ ನುಡಿಯನ್ನು ಅದರದೇ ನೆಲೆಯಲ್ಲಿ ಓದಿದಾಗ ಮಾತ್ರ ನಮ್ಮಲ್ಲಿ ಬಳಕೆಯಲ್ಲಿರುವ ಪದಗಳೇ ಎದುರು ಬಂದು ನಿಲ್ಲುವುದನ್ನು ಕಂಡಿದ್ದೇನೆ. ಹಾಗೆ ಸಿಕ್ಕ ಕೆಲವು ಪದಗಳು ಸರಿಯೇ ಎಂದು ಕೇಳುವುದಕ್ಕೂ, ಸಿಗದ ಒಂದು ಪದವನ್ನು ತಮ್ಮ ಮುಂದಿಡುವುದಕ್ಕೂ ಈ ಪತ್ರ.

ಮೊದಲನೆಯದು ಒಂದು ಹಾಡಿನ ಹೆಸರು. ‘ನೋ ವುಮನ್, ನೋ ಕ್ರೈ’ 1974ರ ‘ನ್ಯಾಟಿ ಡ್ರೆಡ್’ ಆಲ್ಬಂನಲ್ಲಿ ಮೊದಲು ಬಂದು, 1975ರ ಜುಲೈಯಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮಾಡಿದ ಧ್ವನಿಮುದ್ರಣದಿಂದ ಲೋಕಪ್ರಸಿದ್ಧವಾಯಿತು. ಇದನ್ನು ‘ಹೆಣ್ಣಿಲ್ಲದಿದ್ದರೆ ಅಳುವೂ ಇಲ್ಲ’ ಎಂದು ಅರ್ಥಮಾಡಿಕೊಂಡವರು ಬಹಳ ಮಂದಿ. ‘ಅದಿಲ್ಲದೆ ಇದಿಲ್ಲ’ ಎಂಬ ಧಾಟಿಯ ಇಂಗ್ಲಿಷ್ ಗಾದೆಗಳು ಕಿವಿಯಲ್ಲಿ ಕೂತಿರುವುದರಿಂದ ಈ ತಪ್ಪು ಸಲೀಸಾಗಿ ಆಗುತ್ತದೆ. ಪಾಟ್ವಾದಲ್ಲಿ ಕ್ರಿಯಾಪದದ ಮುಂದೆ ಬರುವ ‘ನೋ’ ಅಥವಾ ‘ನುಹ್’ ನಮ್ಮ ‘ಬೇಡ’ದ ಕೆಲಸವನ್ನು ಮಾಡುತ್ತದೆ; ನಡುವಿನ ‘ವುಮನ್’ ಎಂಬುದು ಸಂಬೋಧನೆ. ಊರು ಬಿಟ್ಟು ಹೊರಟವನು ಹಿಂದೆ ಉಳಿಯುವ ಹೆಣ್ಣುಮಗಳನ್ನು ಸಂತೈಸುವ ಮಾತು ಅದು. ಇಲ್ಲಿ ಕನ್ನಡದ ಅನುಕೂಲ ದೊಡ್ಡದು, ಏಕೆಂದರೆ ನಮ್ಮ ‘ಬೇಡ’ ಒಂಟಿಯಾಗಿಯೂ ನಿಲ್ಲುತ್ತದೆ, ಧಾತುವಿಗೂ ಅಂಟುತ್ತದೆ: ‘ಬೇಡ ಕಣೇ, ಅಳಬೇಡ.’ ಮೂಲದ ಎರಡು ‘ನೋ’ಗಳೂ ತಮ್ಮ ತಮ್ಮ ಜಾಗದಲ್ಲೇ ಉಳಿದವು. ಸಂಬೋಧನೆಯ ಬಗ್ಗೆ ಮಾತ್ರ ನನಗೆ ಅಳುಕಿದೆ. ‘ಹೆಣ್ಣೇ’ ಎಂದರೆ ನಾಟಕದ ಮಾತಾಗುತ್ತದೆ. ‘ಕಣೇ’ ಹಳೆಯ ಮೈಸೂರಿನದು. ಕರಾವಳಿಯವರು ‘ಮಾರಾಯ್ತಿ’ ಎಂದಾರು, ಧಾರವಾಡದ ಕಡೆಯವರು ‘ಅಳಬ್ಯಾಡವಾ’ ಎಂದಾರು. ಎಲ್ಲ ಜಿಲ್ಲೆಗಳ ಮಕ್ಕಳೂ ಓದುವ ಪುಸ್ತಕದಲ್ಲಿ ಯಾವುದು ಹೊಂದೀತು?

ಅದೇ ಹಾಡಿನಲ್ಲಿ ಬರುವ ‘ಗವರ್ನಮೆಂಟ್ ಯಾರ್ಡ್’ ನನ್ನನ್ನು ಬಹುಕಾಲ ಕಾಡಿತು. ನಿಘಂಟು ‘ಅಂಗಳ’ ಎನ್ನುತ್ತದೆ, ‘ಸರ್ಕಾರಿ ಅಂಗಳ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 1945ರ ಫೆಬ್ರವರಿ 6ರಂದು ಸೇಂಟ್ ಆ್ಯನ್ ಪ್ರಾಂತದ ನೈನ್ ಮೈಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿದ ಮಾರ್ಲಿ, ಬಾಲ್ಯದಲ್ಲೇ ತಾಯಿ ಸೆಡೆಲಾಳೊಂದಿಗೆ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್ ಟೌನಿಗೆ ಬಂದ. 1940ರ ದಶಕದಲ್ಲಿ ಸರ್ಕಾರ ಅಲ್ಲಿ ಬಡವರಿಗಾಗಿ ಕಟ್ಟಿಸಿದ ಮನೆಗಳು ನಡುವಿನ ಅಂಗಳವೊಂದರ ಸುತ್ತ ಸಾಲಾಗಿದ್ದವು. ಅಡುಗೆಯ ಜಾಗ, ಶೌಚಾಲಯ ಎಲ್ಲವೂ ಹಲವು ಸಂಸಾರಗಳಿಗೆ ಸೇರಿ ಇದ್ದವು. ಇದನ್ನು ಓದಿದ ದಿನ ನಾನು ಹುಟ್ಟಿ ಬೆಳೆದ ಮೈಸೂರಿನ ವಠಾರ ಕಣ್ಣಮುಂದೆ ಬಂತು: ಏಳು ಮನೆಗೆ ಒಂದೇ ನಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ ಸಾಲು ಹಿಡಿದ ಹಿತ್ತಾಳೆ ಕೊಡಗಳು, ಯಾರ ಮನೆಯಲ್ಲಿ ಯಾವ ಹುಳಿ ಕುದಿಯುತ್ತಿದೆಯೆಂದು ಎಲ್ಲರಿಗೂ ಗೊತ್ತಿರುವಂಥ ಬದುಕು. ಅದು ‘ಸರ್ಕಾರಿ ವಠಾರ’ವೇ ಹೊರತು ಬೇರೇನಲ್ಲ. ಜಮೈಕಾದವರ ಬಾಯಲ್ಲಿ ‘ಯಾರ್ಡ್’ ಎಂದರೆ ಮನೆ, ಹೊರದೇಶದಲ್ಲಿ ನಿಂತು ಹೇಳುವಾಗ ತಾಯ್ನಾಡೇ ಎಂಬಷ್ಟು ವಿಸ್ತಾರವಿದೆ. ನಮ್ಮ ವಠಾರಕ್ಕೆ ಅಷ್ಟು ಹರವಿಲ್ಲ ಎಂಬುದನ್ನು ಒಪ್ಪುತ್ತೇನೆ.

ಆ ವಠಾರದಲ್ಲಿ ರಾತ್ರಿ ಬೆಂಕಿ ಹೊತ್ತಿಸಿ ಹಂಚಿಕೊಂಡು ಉಣ್ಣುವುದು ಕಾರ್ನ್‌ಮೀಲ್ ಪಾರಿಜ್. ಮುಸುಕಿನ ಜೋಳದ ತರಿಯನ್ನು ನೀರಿನಲ್ಲೂ ಹಾಲು ಇಲ್ಲವೇ ತೆಂಗಿನ ಹಾಲಿನಲ್ಲೂ ಗಂಟಾಗದಂತೆ ತಿರುವುತ್ತ ಬೇಯಿಸಿ, ಸಕ್ಕರೆ, ದಾಲ್ಚಿನ್ನಿ, ಜಾಯಿಕಾಯಿ ಹಾಕಿ ಮಾಡುವ ಪದಾರ್ಥ ಅದು. ನಾನು ಮೊದಲು ‘ಗಂಜಿ’ ಎಂದು ಬರೆದಿದ್ದೆ. ಆದರೆ ಗಂಜಿ ಎಂದೊಡನೆ ನಮ್ಮಲ್ಲಿ ಅಕ್ಕಿ ಬೆಂದ ತಿಳಿನೀರು ನೆನಪಾಗುತ್ತದೆ. ಹಿಟ್ಟಿನಿಂದ ಕಾಸುವುದು ‘ಅಂಬಲಿ’, ಅದರಲ್ಲಿ ಬಡವರ ಹೊಟ್ಟೆ ತುಂಬಿಸುವ ಧ್ವನಿಯೂ ಇದೆ; ಆದರೆ ನಾವು ಬಲ್ಲ ಅಂಬಲಿ ಉಪ್ಪು ಮಜ್ಜಿಗೆಯದು. ಸಿಹಿಯಾಗಿ, ಗಟ್ಟಿಯಾಗಿ ಇರುವುದು ಮಕ್ಕಳಿಗೆ ತಿನ್ನಿಸುವ ರಾಗಿ ‘ಸರಿ’, ಅದನ್ನು ದೊಡ್ಡವರು ಹಂಚಿಕೊಂಡು ಉಂಡರೆಂದರೆ ಓದುಗರು ಗಲಿಬಿಲಿಗೊಳ್ಳುತ್ತಾರೆ. ಇದು ಸಣ್ಣ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಹಾಡಿನ ಕರ್ತೃವೆಂದು ದಾಖಲಾಗಿರುವ ವಿನ್ಸೆಂಟ್ ಫೋರ್ಡ್ ಟ್ರೆಂಚ್ ಟೌನಿನಲ್ಲಿ ಹಸಿದವರಿಗೆ ಊಟ ಹಾಕುವ ಅಡುಗೆಮನೆ ನಡೆಸುತ್ತಿದ್ದ ಮಾರ್ಲಿಯ ಗೆಳೆಯ. ಹಾಡಿನ ನಡುವೆ ಇರುವುದೇ ಹಂಚಿ ತಿಂದ ಆ ತುತ್ತು. ಸದ್ಯಕ್ಕೆ ‘ಜೋಳದ ಅಂಬಲಿ’ ಎಂದಿಟ್ಟಿದ್ದೇನೆ. ಉತ್ತರ ಕರ್ನಾಟಕದವರು ಇದನ್ನು ಬಿಳಿಜೋಳವೆಂದೇ ಓದುವ ಅಪಾಯವಿರುವುದರಿಂದ ‘ಗೋವಿನಜೋಳ’ ಎನ್ನಬೇಕೇ?

ಸಂಗೀತದ ಹೆಸರನ್ನು ರೆಗ್ಗೆ, ರೇಗೆ, ರೆಗ್ಗೇ ಎಂದೆಲ್ಲ ಬರೆಯುವುದನ್ನು ಕಂಡಿದ್ದೇನೆ. ಉಚ್ಚಾರಕ್ಕೆ ಹತ್ತಿರವಾದುದು ‘ರೆಗೇ’. 1968ರಲ್ಲಿ ಟೂಟ್ಸ್ ಮತ್ತು ಮೇಟಾಲ್ಸ್ ತಂಡದ ಹಾಡಿನ ಹೆಸರಿನಲ್ಲಿ ಈ ಪದ ಮೊದಲ ಬಾರಿಗೆ ಧ್ವನಿಮುದ್ರಿಕೆಯ ಮೇಲೆ ಬಂತು. ಜಮೈಕನ್ ಇಂಗ್ಲಿಷಿನ ನಿಘಂಟಿನಲ್ಲಿ ‘ರೆಗೆ-ರೆಗೆ’ ಎಂಬುದಕ್ಕೆ ಹರಕು ಬಟ್ಟೆ, ಜಗಳ ಎಂಬ ಅರ್ಥಗಳಿವೆ. ಇದಕ್ಕೂ ನಮ್ಮ ‘ರೇಗು’ವಿಗೂ ನಂಟು ಕಲ್ಪಿಸುವ ಆಸೆಯನ್ನು ದಯವಿಟ್ಟು ಯಾರೂ ಬೆಳೆಸಬಾರದು. 1963ರಲ್ಲಿ ಪೀಟರ್ ಟಾಷ್, ಬನ್ನಿ ಲಿವಿಂಗ್‌ಸ್ಟನ್ ಮೊದಲಾದವರೊಡನೆ ಮಾರ್ಲಿ ಕಟ್ಟಿದ ತಂಡದ ಹೆಸರನ್ನು ‘ವೇಲರ್ಸ್’ ಎಂದೇ ಉಳಿಸಿ, ಅರ್ಥವನ್ನು ಒಮ್ಮೆ ‘ಮೊರೆಯಿಡುವವರು’ ಎಂದು ಕೊಟ್ಟಿದ್ದೇನೆ. ಗೋಳನ್ನು ಒಬ್ಬರೇ ಕೂತು ಗೋಳಾಡಬಹುದು, ಆದರೆ ಮೊರೆ ಇಡಬೇಕಾದರೆ ಎದುರಿಗೆ ಕೇಳುವವರಿರಬೇಕು. ಅದಕ್ಕಾಗಿ ಈ ಆಯ್ಕೆ.

ಇನ್ನು ‘ಡ್ರೆಡ್‌ಲಾಕ್ಸ್’, ಎಂದರೆ ಗಂಟುಕಟ್ಟಿ ಇಳಿಬಿದ್ದ ಕೂದಲು. ಅರವತ್ತರ ದಶಕದ ನಡುವಿನ ಚಿತ್ರಗಳಲ್ಲಿ ಮಾರ್ಲಿ ಸೂಟು ತೊಟ್ಟು ಕೂದಲು ಕತ್ತರಿಸಿಕೊಂಡ ಹುಡುಗ. 1966ರ ಬಳಿಕ ರಾಸ್ತಾಫಾರಿ ಎಂಬ ಜಮೈಕಾದ ಧಾರ್ಮಿಕ ಪಂಥದ ಕಡೆ ಒಲಿದು ಕೂದಲು ಬಿಟ್ಟ. ಆ ಪಂಥದವರು ದೈವವೆಂದು ನಂಬುವ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1930ರಲ್ಲಿ ಪಟ್ಟಕ್ಕೆ ಬರುವ ಮುನ್ನ ಹೊಂದಿದ್ದ ರಾಸ್ ತಫಾರಿ ಎಂಬ ಹೆಸರೇ ಪಂಥದ ಹೆಸರಾಗಿದೆ. ತಲೆಗೆ ಕ್ಷೌರದ ಕತ್ತಿ ತಾಗಿಸಬಾರದೆಂಬ ನಿಯಮಕ್ಕೆ ಅವರು ಬೈಬಲಿನ ಅರಣ್ಯಕಾಂಡವನ್ನು ಆಧಾರವಾಗಿ ತೋರಿಸುತ್ತಾರೆ. ಹಲವರು ಇದನ್ನು ‘ಜಟೆ’ ಎಂದು ಬರೆಯುತ್ತಾರೆ. ನನ್ನ ಒಲವು ಅದರ ತದ್ಭವವಾದ ‘ಜಡೆ’ಯ ಕಡೆಗಿದೆ. ಜಡೆ ಎಂದರೆ ಮೊಗ್ಗಿನ ಜಡೆಯೆಂದು ತಿಳಿದಾರು ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಕ್ರಿಯಾಪದವೇ ಅರ್ಥವನ್ನು ಬೇರ್ಪಡಿಸುತ್ತದೆ: ‘ಜಡೆ ಹಾಕಿಕೊಂಡಳು’ ಬೇರೆ, ‘ಜಡೆ ಬಿಟ್ಟ’ ಬೇರೆ. ಸವದತ್ತಿಯ ಯಲ್ಲಮ್ಮನ ಒಕ್ಕಲಿನಲ್ಲಿ ಕೂದಲು ತಾನಾಗಿ ಗಂಟುಕಟ್ಟಿದರೆ ‘ಜಡೆ ಬಂದಿದೆ’ ಎಂದು ಹೇಳಿ, ಅದನ್ನು ದೇವಿಯ ಗುರುತೆಂದು ನಂಬಿ ಕತ್ತರಿಸಲು ಅಂಜುತ್ತಾರೆ. ‘ಡ್ರೆಡ್’ ಎಂಬ ಮಾತಿನಲ್ಲಿರುವುದೂ ಬರಿಯ ಹೆದರಿಕೆಯಲ್ಲ, ದೇವರೆದುರಿನ ಅಂಜಿಕೆ. ನಮ್ಮ ‘ಭಯಭಕ್ತಿ’ ಎಂಬ ಜೋಡುನುಡಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕಾಲ್ಬೆರಳ ಉಗುರಿನಡಿ ಶುರುವಾದ ಚರ್ಮದ ಕ್ಯಾನ್ಸರ್ ಮೈಗೆಲ್ಲ ಹರಡಿ, ಚಿಕಿತ್ಸೆಯ ಕಾಲದಲ್ಲಿ ಆ ಜಡೆ ಹೋಯಿತು. 1981ರ ಮೇ 11ರಂದು ಮಯಾಮಿಯಲ್ಲಿ ತೀರಿಕೊಂಡಾಗ ಆತನಿಗೆ 36 ವರ್ಷ. ಜಡೆ ಹೋದದ್ದು ಏನೆಂಬುದು ಯಲ್ಲಮ್ಮನ ಒಕ್ಕಲಿನ ಓದುಗರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ, ‘ಕೇಶ’ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ.

ಗಾಂಜಾ ಎಂಬುದನ್ನು ಅನುವಾದಿಸುವ ಅಗತ್ಯವೇ ಇಲ್ಲ. 1845ರಿಂದ 1917ರವರೆಗೆ ಭಾರತದಿಂದ ಜಮೈಕಾಕ್ಕೆ ಹೋದ ಕರಾರು ಕೂಲಿಗಳ ಜೊತೆ ಆ ಪದ ಇಲ್ಲಿಂದಲೇ ಹೋದದ್ದು. 1976ರ ಡಿಸೆಂಬರ್ 3ರಂದು ಮನೆಗೆ ನುಗ್ಗಿದ ಬಂದೂಕುಧಾರಿಗಳ ಗುಂಡೇಟು ತಿಂದು, ಎರಡೇ ದಿನಕ್ಕೆ ವೇದಿಕೆಯೇರಿ ಹಾಡಿ, ಬಳಿಕ ದೇಶ ಬಿಟ್ಟು ಲಂಡನ್ನಿಗೆ ಹೋದ ಮಾರ್ಲಿ 1977ರಲ್ಲಿ ಹೊರತಂದ ‘ಎಕ್ಸೋಡಸ್’ ಆಲ್ಬಂನ ಹೆಸರಿಗೂ ಕನ್ನಡ ಬೈಬಲಿನ ‘ವಿಮೋಚನಕಾಂಡ’ ಒದಗಿ ಬಂತು. ಬರಿಯ ‘ನಿರ್ಗಮನ’ ಎನ್ನದೆ ಬಿಡುಗಡೆಯ ಅರ್ಥವನ್ನು ಹೆಸರಿನಲ್ಲೇ ಇಟ್ಟ ಆ ಅನುವಾದಕರಿಗೆ ನಾನು ಋಣಿ.

ನನಗೆ ಸಿಗದಿರುವುದು ‘ಐ ಆ್ಯಂಡ್ ಐ’. ಪಾಟ್ವಾದಲ್ಲಿ ನಾನು, ನನ್ನನ್ನು, ನನ್ನ ಎಂಬ ಮೂರಕ್ಕೂ ‘ಮಿ’ ಎಂಬ ಒಂದೇ ರೂಪವಿದೆ. ಅದು ಯಜಮಾನನ ವಾಕ್ಯದಲ್ಲಿ ಕರ್ಮವಾಗಿಯೇ ಉಳಿದ ಗುಲಾಮನ ಮಾತೆಂದು ರಾಸ್ತಾಗಳು, ಎಂದರೆ ರಾಸ್ತಾಫಾರಿ ಪಂಥದವರು, ಅದನ್ನು ಕೈಬಿಟ್ಟು, ಎಲ್ಲೆಡೆಯೂ ‘ಐ’ ಎಂಬ ಕರ್ತೃರೂಪವನ್ನೇ ನಿಲ್ಲಿಸಿದರು. ‘ಐ ಆ್ಯಂಡ್ ಐ’ ಎಂದರೆ ನಾನು ಮತ್ತು ನನ್ನೊಳಗಿನ ದೇವರು. ನಾನು ಮತ್ತು ನೀನು, ಎಂದರೆ ನಾವೆಲ್ಲ ಎಂದೂ ಆಗುತ್ತದೆ. ಕೇಳುವವರನ್ನು ಒಳಗೊಳ್ಳುವ ‘ನಮ’ ಎಂಬ ಪ್ರತ್ಯೇಕ ರೂಪ ತುಳುವಿನಲ್ಲಿದೆ, ಕನ್ನಡದ ‘ನಾವು’ವಿನಲ್ಲಿ ಆ ಸ್ಪಷ್ಟತೆಯಿಲ್ಲ. ‘ನಾನೂ ನಾನೂ’ ಎಂದರೆ ಇನ್ನೊಂದು ಕಷ್ಟ ಎದುರಾಗುತ್ತದೆ. ‘ನಾನು ಹೋದರೆ ಹೋದೇನು’ ಎಂದು ಕನಕದಾಸರು ಹೇಳಿದರೆಂಬ ಕಥೆಯನ್ನು ಕೇಳಿ ಬೆಳೆದ ನಮಗೆ ‘ನಾನು’ ಎಂಬುದು ಕಳೆಯಬೇಕಾದ ಅಹಂಕಾರ. ‘ನಾನು’ ಎನ್ನುವ ಹಕ್ಕನ್ನೇ ಕಳೆದುಕೊಂಡಿದ್ದ ಜನರ ವಂಶಸ್ಥರಿಗೆ ಅದು ಮತ್ತೆ ಗಳಿಸಬೇಕಾದ ಘನತೆ. ವ್ಯಾಕರಣದ ತೊಡಕು ಅದಕ್ಕಿಂತ ಬಿಗಿಯಾದದ್ದು: ವಿಭಕ್ತಿ ಹತ್ತಿದೊಡನೆ ನಮ್ಮ ‘ನಾನು’ ಕರಗಿ ‘ನನ್ನನ್ನು’, ‘ನನಗೆ’ ಆಗಿಬಿಡುತ್ತದೆ, ರಾಸ್ತಾಗಳು ಒಲ್ಲೆನೆಂದದ್ದು ಇದನ್ನೇ. ‘ನಾನಿಗೆ’, ‘ನಾನನ್ನು’ ಎಂದು ಬೇಕೆಂದೇ ಮುರಿದು ಬರೆದರೆ ಮಕ್ಕಳು ಅದನ್ನು ಅಚ್ಚಿನ ತಪ್ಪೆಂದು ತಿಳಿಯುತ್ತಾರೆಯೇ, ಅಥವಾ ಮೊದಲ ಬಾರಿ ಬಂದಲ್ಲಿ ಒಂದು ಸಾಲು ವಿವರಣೆ ಕೊಟ್ಟರೆ ಸಾಕಾದೀತೇ? ತಮ್ಮ ಅಭಿಪ್ರಾಯವನ್ನು, ಸಾಧ್ಯವಾದರೆ ಒಂದೆರಡು ವಾಕ್ಯಗಳಲ್ಲಿ ಬಳಸಿ ತೋರಿಸಿ, ತಿಳಿಸಬೇಕೆಂದು ಕೋರುತ್ತೇನೆ.