ಟೈರು, ರಸ್ತೆ, ತೊಲೆ ಎಲ್ಲಕ್ಕೂ ‘ಕ್ಯಾಂಬರ್’ ಎಂಬ ಒಂದೇ ಪದವೇಕೆ?

ತೀರ್ಥಹಳ್ಳಿ ಕಡೆಯವ:

ನಮ್ಮ ಕಾರಿನ ಮುಂದಿನ ಎಡ ಟೈರು ಒಳಅಂಚಿನಲ್ಲಿ ಮಾತ್ರ ಸವೆದಿದೆ. ಕೈಯಾಡಿಸಿದರೆ ಹೊರಭಾಗದ ಪಟ್ಟೆಗಳೆಲ್ಲ ಚೆನ್ನಾಗಿವೆ, ಒಳಗಿನ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಅಡಿಕೆ ಹಾಳೆಯ ಒಳಮೈಯಂತೆ ನುಣುಪಾಗಿದೆ. ಅಲೈನ್‌ಮೆಂಟ್ ಮಾಡಿಸಿದಾಗ ಕೊಟ್ಟ ಚೀಟಿಯಲ್ಲಿ ‘ಕ್ಯಾಂಬರ್ ಎಡ −1.9, ಬಲ −0.6’ ಎಂದಿತ್ತು. ಈ ಗಾಡಿಯಲ್ಲಿ ಅದನ್ನು ಸರಿಪಡಿಸಲು ಬರುವುದಿಲ್ಲ ಎಂದು ಹೇಳಿ ಕಳುಹಿಸಿದರು. ಅದೇ ವಾರ, ರಸ್ತೆ ಗುತ್ತಿಗೆ ಮಾಡುವ ನಮ್ಮ ಭಾವ ‘ಈ ರಸ್ತೆಗೆ ಕ್ಯಾಂಬರೇ ಇಲ್ಲ’ ಎಂದರು. ಮನೆ ಕಟ್ಟಿಸುತ್ತಿರುವ ಪಕ್ಕದವರ ಎಂಜಿನಿಯರ್ ತೊಲೆಯ ಕ್ಯಾಂಬರಿನ ಬಗ್ಗೆ ಮಾತನಾಡುತ್ತಿದ್ದರು. ಇವೆಲ್ಲ ಒಂದೇ ಅರ್ಥದ ಮಾತುಗಳೇ? ನನ್ನ ಟೈರಿನ ವಿಷಯದಲ್ಲಿ ಏನು ಮಾಡಬೇಕೆಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಗ್ಯಾರೇಜ್ ಮೇಷ್ಟ್ರು, ಶಿವಮೊಗ್ಗ:

ಮೊದಲು ಟೈರಿನ ಮಾತು. ಕಾರಿನ ಎದುರು ನಿಂತು ನೋಡಿದಾಗ ಚಕ್ರ ನೆಟ್ಟಗೆ ನಿಲ್ಲದೆ ಎಷ್ಟು ಓರೆಯಾಗಿದೆ ಎಂಬುದೇ ಕ್ಯಾಂಬರ್. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಋಣ, ಹೊರಕ್ಕೆ ವಾಲಿದ್ದರೆ ಧನ. ಋಣ ಹೆಚ್ಚಾದರೆ ಒಳಅಂಚು ಸವೆಯುತ್ತದೆ, ತಮಗಾಗಿರುವುದು ಇದೇ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದ್ದರೆ ಪಟ್ಟೆಗಳ ಅಂಚು ಗರಗಸದ ಹಲ್ಲಿನಂತೆ ಕೈಗೆ ತಾಗುತ್ತಿತ್ತು. ನುಣುಪಾಗಿ ಒಂದೇ ಕಡೆ ಸವೆದಿದೆ ಎಂದು ತಾವೇ ಬರೆದಿರುವುದರಿಂದ ಅನುಮಾನ ಕ್ಯಾಂಬರಿನ ಮೇಲೆಯೇ ಹೋಗುತ್ತದೆ.

ಹಾಗಾದರೆ ಕಾರ್ಖಾನೆಯವರು ಚಕ್ರವನ್ನು ನೆಟ್ಟಗೆ ನಿಲ್ಲಿಸಬಾರದೇಕೆ? ತಿರುವಿನಲ್ಲಿ ಗಾಡಿಯ ಮೈ ಹೊರಕ್ಕೆ ವಾಲುತ್ತದೆ, ಭಾರ ಹೊತ್ತ ಹೊರಗಿನ ಚಕ್ರದ ತಲೆಯೂ ಅದರೊಡನೆ ಹೊರಕ್ಕೆ ಬಾಗುತ್ತದೆ. ಮೊದಲೇ ಸ್ವಲ್ಪ ಒಳಕ್ಕೆ ಓರೆ ಕೊಟ್ಟಿದ್ದರೆ, ಆ ಹೊತ್ತಿಗೆ ಸರಿಯಾಗಿ ಟೈರು ಪೂರ್ತಿ ಅಗಲದಲ್ಲಿ ನೆಲವನ್ನು ಹಿಡಿಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಗಾಡಿ ಓಡಿಸುವವರಿಗೆ ಅದರ ಬೆಲೆ ಗೊತ್ತು. ಆದರೆ ಎರಡು ಚಕ್ರಗಳ ನಡುವೆ 1.3 ಡಿಗ್ರಿ ವ್ಯತ್ಯಾಸವಿರುವುದು ವಿನ್ಯಾಸವಲ್ಲ. ‘ಸರಿಪಡಿಸಲು ಬರುವುದಿಲ್ಲ’ ಎಂಬುದು ಅರ್ಧ ಸತ್ಯ. ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿರುಗಿಸಲು ಬೋಲ್ಟ್ ಇರುವುದಿಲ್ಲ, ನಿಜ. ಬೋಲ್ಟ್ ಇಲ್ಲದ ಕಡೆ ಅಳತೆ ತಪ್ಪಿದೆ ಎಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ತಿಳಿಯಬೇಕು. ಸ್ಟ್ರಟ್ (ಚಕ್ರದ ಮೇಲಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುವ ಕಂಬ), ಕೆಳಗಿನ ಆರ್ಮ್ (ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ತೋಳು), ಅವೆರಡರ ನಡುವಿನ ಗುಂಡು ಕೀಲಾದ ಬಾಲ್ ಜಾಯಿಂಟ್ ಮೂರನ್ನೂ ನೋಡಿಸಿ.

ಮನೆಯಲ್ಲೇ ಒಮ್ಮೆ ಅಳೆದು ನೋಡಬಹುದು. ಚಕ್ರದ ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಗಿನ ಅಂಚಿಗೂ ಇರುವ ಅಂತರವನ್ನು ಬೇರೆ ಬೇರೆಯಾಗಿ ಅಳೆಯಿರಿ. ರಿಮ್ಮು ಅಂಚಿನಿಂದ ಅಂಚಿಗೆ 38 ಸೆಂ.ಮೀ. ಇದ್ದರೆ ಪ್ರತಿ ಡಿಗ್ರಿಗೆ ಸುಮಾರು 6.6 ಮಿ.ಮೀ. ವ್ಯತ್ಯಾಸ ಬರುತ್ತದೆ.

ಇನ್ನೊಂದು ಮಾತು. ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲ್ ನೋಡಿದವರು ಆ ಕುರ್ಚಿಗಳ ಚಕ್ರಗಳು ಬುಡದಲ್ಲಿ ಅಗಲಿಸಿ ನಿಂತಿರುವುದನ್ನು ಗಮನಿಸಿರಬಹುದು. ಅಲ್ಲಿ 15ರಿಂದ 20 ಡಿಗ್ರಿಯವರೆಗೂ ಓರೆ ಕೊಡುತ್ತಾರೆ. ಬುಡ ಅಗಲವಾದಷ್ಟೂ ಕುರ್ಚಿ ಪಕ್ಕಕ್ಕೆ ಮಗುಚುವುದಿಲ್ಲ, ತಿರುಗುವುದೂ ಚುರುಕು.

ರಸ್ತೆ ಕೆಲಸದಿಂದ ನಿವೃತ್ತ:

ತಮ್ಮ ಭಾವನವರು ಹೇಳಿದ ಕ್ಯಾಂಬರ್ ರಸ್ತೆಯ ಅಡ್ಡಗಲದ ಉಬ್ಬು. ನಡುವೆ ಎತ್ತರ, ಎರಡೂ ಪಕ್ಕಕ್ಕೆ ಇಳಿಜಾರು, ಆಮೆಯ ಬೆನ್ನಿನಂತೆ. ಇದು ನೀರಿಗಾಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಮಳೆ ಹೆಚ್ಚಿರುವ ಪ್ರದೇಶಕ್ಕೆ ಕಾಂಕ್ರೀಟ್ ರಸ್ತೆಯಾದರೆ ಶೇ. 2, ತೆಳುವಾದ ಡಾಂಬರಾದರೆ ಶೇ. 2.5, ಜಲ್ಲಿ ರಸ್ತೆಗೆ ಶೇ. 3, ಮಣ್ಣಿನ ರಸ್ತೆಗೆ ಶೇ. 4 ಇಳಿಜಾರು ಹೇಳಿದೆ. ಮೇಲ್ಮೈ ನೀರನ್ನು ಹೀರಿಕೊಂಡಷ್ಟೂ ಇಳಿಜಾರು ಹೆಚ್ಚಬೇಕು. ಏಳು ಮೀಟರ್ ಅಗಲದ ತೆಳು ಡಾಂಬರು ರಸ್ತೆಯಲ್ಲಿ ನಡುಭಾಗ ಅಂಚಿಗಿಂತ 8.75 ಸೆಂ.ಮೀ. ಎತ್ತರವಿದ್ದರೆ ಸಾಕು. ಅತಿಯಾದರೆ ಹುಲ್ಲು ಹೇರಿದ ಲಾರಿ ಪಕ್ಕಕ್ಕೆ ವಾಲುತ್ತದೆ, ಎಲ್ಲರೂ ನಡುರಸ್ತೆಯಲ್ಲೇ ಓಡಿಸಲು ತೊಡಗುತ್ತಾರೆ.

ನಮ್ಮ ಮಲೆನಾಡಿನಲ್ಲಿ ಈ ಉಬ್ಬು ಇದ್ದೂ ಪ್ರಯೋಜನಕ್ಕೆ ಬಾರದಿರುವುದನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗಿದೆ. ಧರೆಯ ಮಣ್ಣು ಜಾರಿ ಚರಂಡಿ ತುಂಬುತ್ತದೆ, ಪಕ್ಕೆಯಲ್ಲಿ ಹುಲ್ಲು ಬೆಳೆದು ಡಾಂಬರಿಗಿಂತ ಎತ್ತರವಾಗುತ್ತದೆ. ನಡುವಿನಿಂದ ಇಳಿದುಬಂದ ನೀರು ಅಂಚಿನಲ್ಲೇ ನಿಂತು, ಒಂದೇ ಆಷಾಢದಲ್ಲಿ ರಸ್ತೆಯ ಬುಡವನ್ನು ತಿನ್ನುತ್ತದೆ. ಡಾಂಬರು ಹಾಕುವವರು ಪಕ್ಕೆಯನ್ನೂ ಕೆತ್ತಿದರೆ ಮಾತ್ರ ಕ್ಯಾಂಬರ್ ಕೆಲಸ ಮಾಡುತ್ತದೆ.

ತಿರುವಿನಲ್ಲಿ ಆಮೆಬೆನ್ನು ಇರಕೂಡದು. ಇದ್ದರೆ ತಿರುವಿನ ಹೊರ ಅರ್ಧ ಹೊರಕ್ಕೇ ಇಳಿಜಾರಾಗಿ ಗಾಡಿಯನ್ನು ಕಣಿವೆಯ ಕಡೆಗೆ ದೂಡುತ್ತದೆ. ಆದ್ದರಿಂದ ಅಲ್ಲಿ ಹೊರ ಅಂಚನ್ನು ಎತ್ತರಿಸಿ ಇಡೀ ರಸ್ತೆಯನ್ನು ಒಳಕ್ಕೆ ವಾಲಿಸುತ್ತಾರೆ. ಹಿಮ ಬೀಳದ ಗುಡ್ಡಗಾಡಿನಲ್ಲಿ ಇದರ ಮಿತಿ ಶೇ. 10.

ಸಾಗರದ ಕಟ್ಟಡ ಕೆಲಸಗಾರ:

ತೊಲೆಯ ಕ್ಯಾಂಬರ್ ಮೇಲ್ಮುಖದ ಬಾಗು. ಹಳೆಯ ಆಚಾರಿಗಳು ತುಸು ಬಾಗಿದ ತೊಲೆಯನ್ನು ಉಬ್ಬು ಮೇಲಾಗಿಯೇ ಇಡುತ್ತಿದ್ದರು, ಏಕೆಂದರೆ ಹೆಂಚಿನ ಭಾರ ಬಿದ್ದಾಗ ಅದು ಇಳಿದು ನೇರವಾಗುತ್ತದೆ. ಸೇತುವೆಯ ಕಾಂಕ್ರೀಟ್ ತೊಲೆಗಳಲ್ಲಿ ಉಕ್ಕಿನ ತಂತಿಗಳನ್ನು ಕೆಳಭಾಗದಲ್ಲಿ ಬಿಗಿದೆಳೆದಾಗ ನಡುಭಾಗ ತಾನಾಗಿಯೇ ಮೇಲೇಳುತ್ತದೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆಯಲ್ಲೂ ಇದೇ ಉಪಾಯವಿದೆ. ಎರಡು ಹಲಗೆಗಳನ್ನು ಅಡಿಗೆ ಅಡಿ ಸೇರಿಸಿ ಹಿಡಿದರೆ ನಡುವೆ ಸಂದಿ ಕಾಣುತ್ತದೆ. ಆಳು ನಿಂತಾಗ ಅದು ಚಪ್ಪಟೆಯಾಗಿ, ತುದಿಗಳು ಹಿಮವನ್ನು ಒತ್ತಿ ಹಿಡಿಯುತ್ತವೆ.

ಲ್ಯಾಟಿನ್ನಿನಲ್ಲಿ ‘ಬಾಗಿದ’ ಎಂಬ ಅರ್ಥದ ಮಾತೊಂದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಕ್ಯಾಂಬರ್ ಆಯಿತು. ಆದ್ದರಿಂದ ಬಾಗೇ ಮೂಲಾರ್ಥ. ಚಕ್ರದ ಓರೆಯಲ್ಲಿ ಮಾತ್ರ ಬಾಗು ಕಾಣುವುದಿಲ್ಲ. ಆದರೂ ಬರಲಿರುವ ಭಾರಕ್ಕೆ ಮೊದಲೇ ಎದುರಾಗಿ ವಾಲಿಸಿಡುವ ದೃಷ್ಟಿಯಿಂದ ಮೇಷ್ಟ್ರು ಹೇಳಿದ ಚಕ್ರವೂ ನಮ್ಮ ತೊಲೆಯೂ ಒಂದೇ ಜಾತಿಯವು ಎಂದು ನನಗನ್ನಿಸುತ್ತದೆ. ರಸ್ತೆಯದು ಬೇರೆ, ಅದು ಭಾರ ಬಿದ್ದರೂ ಉಬ್ಬಾಗಿಯೇ ಉಳಿಯಬೇಕು.

ತೀರ್ಥಹಳ್ಳಿ ಕಡೆಯವ:

ಎಲ್ಲರಿಗೂ ಕೃತಜ್ಞತೆಗಳು. ಅಡಿಕೆ ಒಣಗಿಸುವ ಸಿಮೆಂಟು ಅಂಗಳದಲ್ಲಿ ಕಾರು ನಿಲ್ಲಿಸಿ ಎಡ ಚಕ್ರವನ್ನು ಅಳೆದೆ, 9 ಮಿ.ಮೀ. ವ್ಯತ್ಯಾಸ ಬಂತು. ಅಂಗಳಕ್ಕೂ ನೀರು ಹರಿಯಲು ವಾಟ ಕೊಟ್ಟಿರುವುದು ನೆನಪಾಗಿ, ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೆ ಅಳೆದರೆ 17 ಬಂತು. ಸರಾಸರಿ 13, ಅಂದರೆ ಸುಮಾರು ಎರಡು ಡಿಗ್ರಿ, ಚೀಟಿಯಲ್ಲಿದ್ದಷ್ಟೇ. ಬಲ ಚಕ್ರದ ಸರಾಸರಿ 4. ಬೇರೊಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ ನೋಡಿದಾಗ ಎಡ ಸ್ಟ್ರಟ್ಟು ಬಾಗಿರುವುದು ಕಂಡಿತು. ಹೊಸದನ್ನು ತರಿಸಲು ಹೇಳಿದ್ದೇನೆ.