ಹಳೆಯ ಅಗ್ಗದ ರೈಫಲ್ ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಕೋವಿ ರಿಪೇರಿ ಮೇಷ್ಟ್ರಿಗೆ ಪ್ರಶ್ನೆಗಳು

ಮೇಷ್ಟ್ರು: ಇವತ್ತು ಸಂಜೆ ಬಿಡುವಾಗಿದ್ದೇನೆ. ಹಳೆಯ ರೈಫಲ್ ಕೊಳ್ಳುವ ಬಗ್ಗೆ ಏನಿದ್ದರೂ ಕೇಳಿ. ಮೊದಲೇ ಮೂರು ಮಾತು. ನಾನು ಬೆಲೆ ಹೇಳುವುದಿಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಆ ಬೋರ್ (ನಳಿಗೆಯ ಅಳತೆ) ಇಲ್ಲ ಅಂದರೆ ಮುಂದಿನ ಮಾತೇ ಬೇಡ. ಕೋವಿ ಕೈಗೆ ಬಂದ ತಕ್ಷಣ ಬೋಲ್ಟ್ (ನಳಿಗೆಯ ಹಿಂದಿನ ಬಾಯಿ ಮುಚ್ಚುವ ಉಕ್ಕಿನ ತುಂಡು) ತೆರೆದು ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಮಾರುವವರು ಖಾಲಿ ಇದೆ ಅಂದರೂ ನೋಡಿ.

ಹೊಸಬ: ನಮಸ್ಕಾರ ಮೇಷ್ಟ್ರೇ. ಒಂದು ಹಳೆಯ .22 ಬೋಲ್ಟ್ ಆ್ಯಕ್ಷನ್ ಸಿಗ್ತಾ ಇದೆ. ಸ್ಟಾಕ್ ತುಂಬ ಗೀರು, ಬಣ್ಣವೂ ಹೋಗಿದೆ. ಬಿಟ್ಟುಬಿಡಲಾ?

ಮೇಷ್ಟ್ರು: ಗೀರು ನೋಡಿ ಬಿಡಬೇಡಿ. ಬಿರುಕು ಇದೆಯಾ ನೋಡಿ. ಕೈ ಹಿಡಿಯುವ ಕಡೆ ಮರ ಸಣ್ಣಗಾಗುತ್ತದಲ್ಲ, ಅಲ್ಲಿ ಮತ್ತು ರಿಸೀವರ್‌ನ (ಬೋಲ್ಟ್ ಓಡಾಡುವ ಉಕ್ಕಿನ ಭಾಗ) ಹಿಂದೆ ನೋಡಿ. ಬಿರುಕು ಸಾಮಾನ್ಯವಾಗಿ ಅಲ್ಲೇ ಶುರುವಾಗುತ್ತದೆ.

ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ಹಿಂದಿನ ಬಾಯಿಗೆ ಒಂದು ಬಿಳಿ ಕಾಗದ ಹಿಡಿದು ಬೆಳಕಿಗೆ ತಿರುಗಿಸಿ, ಮುಂದಿನ ಬಾಯಿಂದ ಒಳಗೆ ನೋಡಿ. ರೈಫ್ಲಿಂಗ್ ಗೆರೆಗಳು ಒಂದೇ ಸಮ ಸುತ್ತಿಕೊಂಡು ಹೋಗಬೇಕು. ನಡುವೆ ಎಲ್ಲಾದರೂ ಬಳೆಯ ಹಾಗೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಯಾವಾಗಲೋ ಒಂದು ಗುಂಡು ಒಳಗೆ ಸಿಕ್ಕಿಕೊಂಡಿದ್ದಾಗ ಇನ್ನೊಂದು ಹೊಡೆದಿರುತ್ತಾರೆ. ಅದನ್ನು ತಗೊಳ್ಳಬೇಡಿ.

.22 ನಳಿಗೆ ಗುಂಡು ಹೊಡೆದು ಸವೆಯುವುದು ಕಡಿಮೆ. ತುಕ್ಕಿನಿಂದ, ಒರಟಾಗಿ ಉಜ್ಜುವುದರಿಂದ ಹಾಳಾಗುವುದೇ ಜಾಸ್ತಿ. ಮುಂದಿನ ಬಾಯಿಂದ ಉಕ್ಕಿನ ರಾಡ್ ಹಾಕಿ ವರ್ಷಗಟ್ಟಲೆ ಉಜ್ಜಿದ್ದರೆ ಕ್ರೌನ್, ಅಂದರೆ ಆ ಬಾಯಿಯ ಅಂಚು, ಒಂದು ಕಡೆ ತಿಂದುಹೋಗಿರುತ್ತದೆ. ಬಾಯಿಯ ಅಂಚಲ್ಲಿ ಗೆರೆಗಳು ಚೂಪಾಗಿ ಮುಗಿಯುತ್ತವಾ, ಮಸುಕಾಗಿ ಕರಗಿಹೋಗುತ್ತವಾ ಅಂತ ಭೂತಗನ್ನಡಿ ಹಿಡಿದು ನೋಡಿ. ಕ್ರೌನ್ ಮತ್ತೆ ಕತ್ತರಿಸಿ ಸರಿಮಾಡಬಹುದು. ಅದೊಂದು ದೊಡ್ಡ ಕೆಲಸವಲ್ಲ.

ಇನ್ನೊಂದು ಮಾತು. ಹಳೆಯ .22ನಲ್ಲಿ ಖಾಲಿ ಚೇಂಬರ್ ಮೇಲೆ ಟ್ರಿಗರ್ ಎಳೆದು ಎಳೆದು ನೋಡಬೇಡಿ. ಎಷ್ಟೋ ಕೋವಿಗಳಲ್ಲಿ ಪಿನ್ ನೇರ ಚೇಂಬರ್ ಅಂಚಿಗೇ ಬಡಿಯುತ್ತದೆ. ಅಂಚು ಜಜ್ಜಿದರೆ ತೋಟಾ ಒಳಗೆ ಹೋಗುವುದೇ ಕಷ್ಟ.

ಎರಡನೇ ಈಡು: ನನಗೆ ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ. "ನಳಿಗೆಯ ತುಕ್ಕಿಗೆ ಕೋಲಾ ತುಂಬಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಹೊಸದರ ಹಾಗೆ ಹೊಳೆಯುತ್ತದೆ."

ಮೇಷ್ಟ್ರು: ಮಾಡಬೇಡಿ. ಅದರಲ್ಲಿ ಇರುವುದು ಆಮ್ಲ. ತುಕ್ಕಿನ ಜೊತೆ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ, ಹೊರಗಿನ ಬ್ಲೂಯಿಂಗ್ (ತುಕ್ಕು ತಡೆಯುವ ಕಪ್ಪು-ನೀಲಿ ಪದರ) ಕೂಡ ಹೋಗುತ್ತದೆ. ತುಕ್ಕು ತಿಂದು ಆದ ಗುಳಿ ಯಾವುದರಿಂದಲೂ ತುಂಬುವುದಿಲ್ಲ. ಎಣ್ಣೆ, ಕಂಚಿನ ಬ್ರಷ್, ತಾಳ್ಮೆ. ಅಷ್ಟೇ.

ಸಂಜೆಗಾಳಿ: ಹಳೆಯ ಮಿಲಿಟರಿ ಮೋಸಿನ್ (ರಷ್ಯಾದ ರೈಫಲ್) ನೋಡಿದೆ. ನಳಿಗೆ ಒಳಗೆ ಹಿಮ ಬಿದ್ದ ಹಾಗೆ ಮಬ್ಬಾಗಿದೆ. ಯಾಕೆ?

ಮೇಷ್ಟ್ರು: ಆ ಕಾಲದ ಮಿಲಿಟರಿ ತೋಟಾಗಳ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದು) ಸುಟ್ಟ ಮೇಲೆ ಉಪ್ಪು ಉಳಿಸುತ್ತದೆ. ಉಪ್ಪು ತೇವ ಎಳೆಯುತ್ತದೆ, ತೇವದಿಂದ ತುಕ್ಕು. ಬರೀ ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ, ಬಿಸಿನೀರು ಬೇಕು. ಆಮೇಲೆ ಒಣಗಿಸಿ ಎಣ್ಣೆ. ಮಬ್ಬಿದ್ದರೂ ಗೆರೆ ಎತ್ತರವಾಗಿದ್ದರೆ ಗುರಿ ಚೆನ್ನಾಗಿಯೇ ಇರಬಹುದು. ಹಾರಿಸಿ ನೋಡದೆ ಹೇಳಲಾಗದು.

ಮಳೆಹನಿ: ಮೇಷ್ಟ್ರೇ, ರೆಮಿಂಗ್ಟನ್ 788, .308. ಮಾರುವವರ ಜೊತೆ ರೇಂಜ್‌ಗೆ ಹೋಗಿ ಅವರ ತೋಟಾದಲ್ಲೇ ಐದು ಗುಂಡು ಹೊಡೆದೆ. ಗುಂಪು ತುಂಬ ಚೆನ್ನಾಗಿ ಬಂತು, ಗುಂಡುಗಳೆಲ್ಲ ಹತ್ತಿರ ಹತ್ತಿರ ಬಿದ್ದವು. ಖಾಲಿ ಕೇಸ್‌ಗಳನ್ನು (ತೋಟಾದ ಹಿತ್ತಾಳೆ ಕೊಳವೆ) ಮನೆಗೆ ತಂದೆ. ಎಲ್ಲದರಲ್ಲೂ ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹೊಳೆಯುವ ಉಂಗುರ ಇದೆ. ಇದು ಸಹಜವಾ? ಫೋಟೋ ಹಾಕಿದ್ದೇನೆ.

ಹೊಸಬ: ಮೇಷ್ಟ್ರೇ, ನನ್ನ .22ಗೆ ಎಷ್ಟು ಕೊಡಬಹುದು?

ಮೇಷ್ಟ್ರು: ಬೆಲೆ ಹೇಳುವುದಿಲ್ಲ. ಮೇಲೆ ಬರೆದಿದೆ.

ಮಳೆಹನಿ ಅವರೇ, ಕೇಸ್ ತಂದದ್ದು ಒಳ್ಳೆಯದಾಯಿತು. ಫೋಟೋ ದೊಡ್ಡದು ಮಾಡಿ ನೋಡಿದೆ. ಈ ಉಂಗುರ ನನಗೆ ಸರಿ ಕಾಣುತ್ತಿಲ್ಲ. ಬಿಡಿಸಿ ಹೇಳುತ್ತೇನೆ.

788 ಒಳ್ಳೆಯ ಕೋವಿ. 1967ರಿಂದ 1983ರವರೆಗೆ ತಯಾರಾಯಿತು. ಅದೇ ಕಂಪನಿಯ 700ಕ್ಕಿಂತ ಅಗ್ಗಕ್ಕೆ ಕೊಡಬೇಕು ಅಂತ ಮಾಡಿದ್ದು. ಸ್ಟಾಕ್ ಸಾದಾ ಮರ, ಅಲಂಕಾರ ಏನೂ ಇಲ್ಲ. ಆದರೂ ಗುರಿಗೆ ಹೆಸರು ಮಾಡಿತು. ಹಾಗಾಗಿ ನಿಮ್ಮ ಗುಂಪು ಚೆನ್ನಾಗಿ ಬಂದದ್ದು ಆಶ್ಚರ್ಯವಲ್ಲ. ಗುಂಪು ಚೆನ್ನಾಗಿದ್ದರೆ ಕೋವಿ ಸುರಕ್ಷಿತ ಅಂತ ಮಾತ್ರ ತಿಳಿಯಬೇಡಿ.

ಹೆಚ್ಚಿನ ಬೋಲ್ಟ್ ಕೋವಿಗಳಲ್ಲಿ ಬೋಲ್ಟ್‌ನ ಮುಂದಿನ ತುದಿಯಲ್ಲಿ ಎರಡು ಲಗ್ (ಬೋಲ್ಟ್‌ಗೆ ಬೀಗ ಹಾಕುವ ಹಲ್ಲು) ಇರುತ್ತವೆ. 788ರಲ್ಲಿ ಒಂಬತ್ತು ಲಗ್, ಎಲ್ಲ ಹಿಂದುಗಡೆ. ಬಲಕ್ಕೆ ಕೊರತೆ ಇಲ್ಲ. ಆದರೆ ಗುಂಡು ಹೊಡೆದಾಗ ಬೋಲ್ಟ್‌ನ ಉದ್ದ ಒಂದು ಎಳೆ ಕುಗ್ಗುತ್ತದೆ, ಕೇಸ್ ಅಷ್ಟು ಹಿಗ್ಗುತ್ತದೆ. ಅದೇ ಹಿತ್ತಾಳೆಯನ್ನು ಮತ್ತೆ ಮತ್ತೆ ರೀಲೋಡ್ ಮಾಡಿದರೆ (ಮದ್ದು, ಗುಂಡು ತುಂಬಿ ಹೊಡೆದರೆ) ಬುಡದ ಹತ್ತಿರ ಗೋಡೆ ತೆಳುವಾಗುತ್ತಾ ಬರುತ್ತದೆ. ಹೊರಗೆ ಹೊಳೆಯುವ ಉಂಗುರ ಅದರ ಗುರುತು.

ಈಗಲೇ ಒಂದು ಪೇಪರ್ ಕ್ಲಿಪ್ ನೇರ ಮಾಡಿ. ತುದಿಯನ್ನು ಭತ್ತದ ಕಾಳಿನಷ್ಟು ಮಡಚಿ. ಖಾಲಿ ಕೇಸ್ ಒಳಗೆ ಬಿಟ್ಟು, ತುದಿಯನ್ನು ಗೋಡೆಗೆ ಒತ್ತಿಕೊಂಡು ತಳದಿಂದ ಮೇಲಕ್ಕೆ ನಿಧಾನ ಎಳೆಯಿರಿ. ಉಂಗುರದ ಜಾಗದಲ್ಲಿ ಕ್ಲಿಪ್ ಚರಂಡಿಗೆ ಇಳಿದ ಹಾಗೆ ತಡವರಿಸಿದರೆ ಕೇಸ್ ಅಲ್ಲಿ ಕತ್ತರಿಸಿಹೋಗಲು ತಯಾರಾಗಿದೆ. ಹಾಗೆ ಹೋದರೆ ಬಿಸಿ ಗ್ಯಾಸ್ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರಬಹುದು.

ಎರಡು ಕಾರಣ ಇರಬಹುದು. ಒಂದು, ಅವರ ತೋಟಾ ತುಂಬ ಸಲ ರೀಲೋಡ್ ಆದದ್ದು. ಇನ್ನೊಂದು, ಕೋವಿಯ ಹೆಡ್‌ಸ್ಪೇಸ್ ಜಾಸ್ತಿ, ಅಂದರೆ ಮುಚ್ಚಿದ ಬೋಲ್ಟ್‌ಗೂ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ ಜಾಸ್ತಿ. ಎರಡನೆಯದು ಗೇಜ್ (ತೋಟಾದ ಆಕಾರದ ಉಕ್ಕಿನ ಅಳತೆ ತುಂಡು) ಹಾಕದೆ ಗೊತ್ತಾಗುವುದಿಲ್ಲ. .308ಗೆ ಗೋ ಗೇಜ್ 1.630 ಇಂಚು, ನೋ-ಗೋ 1.634, ಫೀಲ್ಡ್ 1.638. ಗೋ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು. ನೋ-ಗೋ ಮೇಲೆ ಮುಚ್ಚಬಾರದು. ಫೀಲ್ಡ್ ಮೇಲೆ ಮುಚ್ಚಿದರೆ ಆ ಕೋವಿಯಲ್ಲಿ ಇನ್ನೊಂದು ಗುಂಡು ಹೊಡೆಯಬಾರದು.

788ರಲ್ಲಿ ಬೋಲ್ಟ್ ಹ್ಯಾಂಡಲ್‌ನ ಬುಡವನ್ನೂ ನೋಡಿ. ಅದು ಬ್ರೇಜಿಂಗ್ ಮಾಡಿ ಕೂರಿಸಿದ್ದು. ಕೂದಲೆಳೆಯಂಥ ಗೆರೆ ಕಂಡರೆ ಬೆಸುಗೆ ಬಿಡುತ್ತಿದೆ. ಮ್ಯಾಗಜಿನ್ ಎಷ್ಟಿದೆ ಕೇಳಿ. ಅದರ ಮ್ಯಾಗಜಿನ್ ಸುಲಭಕ್ಕೆ ಸಿಗುವುದಿಲ್ಲ.

ಹಳೇ ಕಬ್ಬಿಣ: ಗೇಜ್‌ಗೆ ಯಾಕೆ ಖರ್ಚು? ತೋಟಾದ ಬುಡಕ್ಕೆ ಎರಡು ಪದರ ಸೆಲ್ಲೋ ಟೇಪ್ ಅಂಟಿಸಿ ಬೋಲ್ಟ್ ಮುಚ್ಚಿ ನೋಡಿದರೆ ಸಾಕು. ನಮ್ಮ ಇನ್ನೊಂದು ಗುಂಪಲ್ಲಿ ಬಂದಿತ್ತು.

ಮೇಷ್ಟ್ರು: ಗೋ ಮತ್ತು ನೋ-ಗೋ ನಡುವಿನ ಅಂತರ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. ಒಂದು ಕಾಗದದ ದಪ್ಪ. ಟೇಪ್ ಒತ್ತಿದರೆ ಕುಗ್ಗುತ್ತದೆ, ತೋಟಾದ ಉದ್ದ ಒಂದೊಂದರಲ್ಲಿ ಒಂದೊಂದು. ಏನನ್ನು ಅಳೆದ ಹಾಗಾಯಿತು? ಅದೂ ಮದ್ದು ತುಂಬಿದ ತೋಟಾ ಚೇಂಬರ್‌ಗೆ ಹಾಕಿ ಮನೆಯಲ್ಲಿ ಬೋಲ್ಟ್ ಮುಚ್ಚಲು ಹೇಳುತ್ತಿದ್ದೀರಿ. ದಯವಿಟ್ಟು ಅಳಿಸಿ.

ಗುರಿಕಾರ: ಮಿಲಿಟರಿ 7.62 ತೋಟಾ ಹಾಕಿದ್ದರೂ ಹೀಗೇ ಆಗುತ್ತದೆ. .308 ಬೇರೆ, ಅದು ಬೇರೆ.

ಹಳೇ ಕಬ್ಬಿಣ: ಏನೂ ಬೇರೆ ಇಲ್ಲ. ಹೊರಗಿನ ಅಳತೆ ಒಂದೇ. ಇಪ್ಪತ್ತು ವರ್ಷದಿಂದ ಹೊಡೀತಾ ಇದ್ದೇನೆ.

ಗುರಿಕಾರ: ಹೊರಗಿನ ಅಳತೆ ಒಂದೇ, ಚೇಂಬರ್ ಅಳತೆ ಒಂದೇ ಅಲ್ಲ. ಮಿಲಿಟರಿ ಚೇಂಬರ್ ಉದ್ದ ಬಿಟ್ಟಿರುತ್ತಾರೆ. ಓದಿಕೊಂಡು ಬನ್ನಿ.

ಹಳೇ ಕಬ್ಬಿಣ: ನೀವು ಓದಿ ಹೇಳ್ತೀರಿ, ನಾನು ಹೊಡೆದು ಹೇಳ್ತೀನಿ.

ಎರಡನೇ ಈಡು: ಅದಕ್ಕೇ ಹೇಳೋದು, ಹಳೆಯ ಕೋವಿ ತಗೊಳ್ಳಲೇಬಾರದು. ಹೊಸದೇ ಸರಿ.

ಹಳೇ ಕಬ್ಬಿಣ: ಕೋಲಾ ಹಾಕಿ ನಳಿಗೆ ತೊಳೆಯೋರು ಹಳೆಯದರ ಬಗ್ಗೆ ಮಾತಾಡಬೇಡಿ.

ಎರಡನೇ ಈಡು: ಮರ್ಯಾದೆ ಕೊಟ್ಟು ಮಾತಾಡಿ.

ಮೇಷ್ಟ್ರು: ಸಾಕು ಮಾಡಿ. ಗುರಿಕಾರ ಅವರು ಚೇಂಬರ್ ಬಗ್ಗೆ ಹೇಳಿದ್ದು ಸರಿ. ಆದರೆ ಇಲ್ಲಿ ಕೋವಿ .308ರದ್ದು, ಚೇಂಬರ್ ಅದರದೇ. ಅಲ್ಲಿ ಮಿಲಿಟರಿ ತೋಟಾ ಒಂದರಿಂದಲೇ ಉಂಗುರ ಬಂತು ಅನ್ನಲು ಆಗದು. ಆ ಹೆಣ್ಣುಮಗಳು ಮಳೆಹನಿ ಅವರ ಪ್ರಶ್ನೆ ಹಾಗೇ ಉಳಿದಿದೆ.

ಬೆಳಗಿನ ಹಕ್ಕಿ: ಏರ್ ರೈಫಲ್‌ಗೆ ಯಾವ ಸ್ಕೋಪ್ ಒಳ್ಳೆಯದು?

ಸಂಜೆಗಾಳಿ: ಮೇಷ್ಟ್ರೇ, ಹಳೆಯ ಟ್ರಿಗರ್ ಗಟ್ಟಿ ಇದ್ದರೆ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸಿ ಅಂತ ವಿಡಿಯೋ ಬಂದಿದೆ.

ಮೇಷ್ಟ್ರು: ಬೇಡ. ಹಾಗೆ ಕತ್ತರಿಸಿದ ಕೋವಿಗಳು ನನ್ನ ಮೇಜಿಗೆ ಬರುತ್ತವೆ. ಬೋಲ್ಟ್ ಜೋರಾಗಿ ತಳ್ಳಿದರೆ ಸಾಕು, ಟ್ರಿಗರ್ ಮುಟ್ಟದೆ ಪಿನ್ ಬೀಳುತ್ತದೆ. ಕೊಳ್ಳುವಾಗ ಇದನ್ನೇ ಪರೀಕ್ಷೆ ಮಾಡಿ. ಕೋವಿ ಖಾಲಿ ಅಂತ ಮತ್ತೆ ನೋಡಿಕೊಂಡು, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಆಮೇಲೆ ಸೇಫ್ಟಿ ತೆಗೆಯಿರಿ. ಆಗ 'ಟಕ್' ಅಂದರೆ ಆ ಟ್ರಿಗರ್ ನಂಬಬೇಡಿ. ಬೋಲ್ಟ್ ಜೋರಾಗಿ ಮುಚ್ಚಿಯೂ ನೋಡಿ.

ಹೊಸಬ: ಬೆಲೆ ಬೇಡ, ಅಂದಾಜಾದರೂ ಹೇಳಿ ಮೇಷ್ಟ್ರೇ.

ಮೇಷ್ಟ್ರು: ಇಲ್ಲ.

ಮಳೆಹನಿ: ಕ್ಲಿಪ್ ಹಾಕಿ ನೋಡಿದೆ. ಐದರಲ್ಲಿ ಮೂರು ಕೇಸ್‌ನಲ್ಲಿ ತುದಿ ಸಿಕ್ಕಿಕೊಳ್ತಾ ಇದೆ. ಉಗುರು ಸಿಕ್ಕಿದ ಹಾಗೆ ಗೊತ್ತಾಗುತ್ತೆ. ಕೇಳಿದ್ದಕ್ಕೆ ಅವರು "ಆರೇಳು ಸಲ ರೀಲೋಡ್ ಆಗಿರಬಹುದು" ಅಂದರು. ಗೇಜ್ ಹಾಕಿಸೋಣ ಅಂದೆ. "ಇಷ್ಟು ವರ್ಷ ನನಗೇನೂ ಆಗಿಲ್ಲ, ನಂಬಿಕೆ ಇಲ್ಲದಿದ್ದರೆ ಬೇಡ" ಅಂದರು.

ಮೇಷ್ಟ್ರು: ಹಾಗಾದರೆ ಬಿಟ್ಟುಬಿಡಿ. ಆರೇಳು ರೀಲೋಡ್‌ಗೆ ಈ ಉಂಗುರ ಬರಬಹುದು, ಕೋವಿ ಪೂರ್ತಿ ಸರಿ ಇರಲೂಬಹುದು. ಆದರೆ ಗೇಜ್ ಹಾಕಲು ಬಿಡದವರ ಕೋವಿ ಕೊಳ್ಳಬೇಡಿ. ಆಮೇಲೆ ನಳಿಗೆ ಬಿಚ್ಚಿ ಸರಿಮಾಡಿಸಲು ಹೊರಟರೆ, ಅಗ್ಗದ ಕೋವಿ ಅಂತ ಕೆಲಸ ಅಗ್ಗವಾಗುವುದಿಲ್ಲ.

ಮಳೆಹನಿ: ಹೇಳಲು ಸಂಕೋಚ. ಮಾರುತ್ತಿರುವವರು ನಮ್ಮ ಸೋದರಮಾವ. ಬೇಡ ಅಂದರೆ ಬೇಜಾರು ಮಾಡಿಕೊಳ್ತಾರೆ.

ಮೇಷ್ಟ್ರು: ಅಯ್ಯೋ ತಾಯಿ, ಇದನ್ನು ಮೊದಲೇ ಹೇಳಬಾರದಿತ್ತಾ? ಕೊಳ್ಳುವ ಮಾತು ಪಕ್ಕಕ್ಕಿಡಿ. ಅದೇ ಹಿತ್ತಾಳೆ ಅವರ ಮನೆಯಲ್ಲಿ ಇನ್ನೂ ಇದೆ, ಅವರು ಇನ್ನೂ ಹೊಡೆಯುತ್ತಾರೆ. ಆ ಮೂರು ಕೇಸ್ ತಗೊಂಡು ಹೋಗಿ. ಕ್ಲಿಪ್ ಅವರ ಕೈಗೇ ಕೊಟ್ಟು ಎಳೆದು ನೋಡಿ ಅನ್ನಿ. ನೀವು ವಾದ ಮಾಡಬೇಡಿ, ಅವರ ಬೆರಳಿಗೇ ಗೊತ್ತಾಗಲಿ. ಗೇಜ್ ಹಾಕುವವರೆಗೆ ಒಂದು ಗುಂಡೂ ಬೇಡ ಅಂತ ಹೇಳಿ.

ಮಳೆಹನಿ: ಈಗಲೇ ಹೊರಟೆ ಮೇಷ್ಟ್ರೇ.

ಹಳೇ ಕಬ್ಬಿಣ: ಟೇಪ್‌ನಲ್ಲಿ ನೋಡಿದ್ದರೆ ಇಷ್ಟು ರಂಪ ಇರ್ತಿರಲಿಲ್ಲ.

ಗುರಿಕಾರ: ಅಳಿಸಿ ಅಂತ ಹೇಳಿದ್ದಾರಲ್ಲ, ಇನ್ನೂ ಅದನ್ನೇ ಹೇಳ್ತೀರಲ್ಲ ಮಾರಾಯ್ರೇ.